ದೇವರ ಮುಂದಿನ ಪಾನಾ

ಕಲ್ಲಪ್ಪ ಕಾಕಾ ನನ್ನ ಮೌಶಿಯ, ಅಂದರೆ ಚಿಕ್ಕಮ್ಮನ, ಗಂಡ. ಊರು ಗದಗಿನ ಹತ್ತಿರದ ಒಂದು ಹಳ್ಳಿ. ಅವರ ತಂದೆ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಕಾಕಾ ಡಿಪ್ಲೊಮಾ ಮುಗಿಸಿ ಕೇಂದ್ರ ಸರ್ಕಾರದ ಒಂದು ಕಂಪನಿಯಲ್ಲಿ ಮೆಕ್ಯಾನಿಕ್ ಆಗಿ ಸೇರಿದರು. ಇಲಾಖೆಯ ಪರೀಕ್ಷೆಗಳನ್ನು ಒಂದೊಂದಾಗಿ ಬರೆದು ಅಧಿಕಾರಿಯಾದರು. ದೊಡ್ಡ ದೊಡ್ಡ ನೀರಿನ ಪಂಪುಗಳನ್ನೂ ಮೋಟಾರುಗಳನ್ನೂ ರಿಪೇರಿ ಮಾಡುವ ಕಂಪನಿ ಅದು. ಹೆಸರು ಬರೆಯುವುದು ಬೇಡ ಎಂದು ಮೌಶಿ ಹೇಳಿದ್ದಾಳೆ. ಬರೆಯುವುದಿಲ್ಲ.

ಕೋಲ್ಕತ್ತಾಕ್ಕೆ ವರ್ಗವಾಗಿ ಬಂದಾಗ ಅವರ ಕೈಗೆ ಬಂದದ್ದು ದಕ್ಷಿಣೇಶ್ವರದ ಹತ್ತಿರ, ನದಿಯ ದಂಡೆಯಲ್ಲಿರುವ ಹಳೆಯ ವರ್ಕ್‌ಶಾಪು. ಅಲ್ಲಿಗೆ ಯಾರೂ ಇಷ್ಟಪಟ್ಟು ಬರುತ್ತಿರಲಿಲ್ಲ. ಕಾಕಾನಿಗಿಂತ ಮೊದಲಿದ್ದ ಸಾಹೇಬರು ಆಫೀಸಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದರಂತೆ. ಅವರಿಗಿಂತ ಮೊದಲಿನವರು ಎಲ್ಲರಿಗೂ ಮೆಮೊ ಕೊಟ್ಟು ಕೊಟ್ಟು ಕೊನೆಗೆ ತಾವೇ ವರ್ಗ ಕೇಳಿಕೊಂಡು ಹೋದರಂತೆ. ಇದನ್ನೆಲ್ಲ ನಾನು ನೋಡಿಲ್ಲ, ಕೇಳಿದ್ದು. ನಾನು ಮೌಶಿಯ ಮನೆಗೆ ಬಂದು ಉಳಿದದ್ದು ಆಮೇಲೆ.

ಸಿಬ್ಬಂದಿಯ ಮನಸ್ಸನ್ನು ಕೆಲಸದ ಕಡೆ ತರುವುದು ಹೇಗೆ ಎಂಬ ತರಬೇತಿಯನ್ನು ಕಾಕಾ ಹೈದರಾಬಾದಿನಲ್ಲಿ ಪಡೆದಿದ್ದರು. ಅಲ್ಲಿ ಹೇಳಿಕೊಟ್ಟ ಹಾಗೆ ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಸೇರಿಸಿ, "ನಿಮ್ಮ ತೊಂದರೆ ಏನು, ಬಾಯಿಬಿಟ್ಟು ಹೇಳಿ," ಎಂದು ಕೇಳುತ್ತಿದ್ದರು. ಎಲ್ಲರೂ ತಲೆ ಅಲ್ಲಾಡಿಸುತ್ತಿದ್ದರು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೆಲವು ತಿಂಗಳು ಹೀಗೇ ನಡೆಯಿತು. ಒಂದು ದಿನ ಕಾಕಾ ಕಿಟಕಿಯಿಂದ ನೋಡಿದರೆ, ಮೀಟಿಂಗ್ ಮುಗಿಸಿ ಹೋದವರೆಲ್ಲ ಗೇಟಿನ ಹೊರಗಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಕೈ ಬೀಸಿ ಬೀಸಿ ವಾದ ಮಾಡುತ್ತಿದ್ದರು. ನಿಜವಾದ ಮೀಟಿಂಗು ಅಲ್ಲಿ ನಡೆಯುತ್ತಿತ್ತು.

ಮರುವಾರ ಕಾಕಾ ಸೋಮವಾರದ ಸಭೆ ರದ್ದು ಮಾಡಿ ತಾವೂ ಹೋಗಿ ಆ ಅಂಗಡಿಯ ಮುಂದೆ ನಿಂತರು. ಎಲ್ಲರೂ ಗಪ್ಪಾದರು. ಹಿರಿಯ ಫಿಟ್ಟರ್ ನಿಮಾಯ್ ಕರ್ಮಕಾರ್ ಮಾತ್ರ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು.

"ಕೂರಿ ಸ್ಯಾರ್. ನಿಮ್ಮ ಮೀಟಿಂಗ್‌ನಲ್ಲಿ ಚಹಾ ಮೊದಲು ಬರುತ್ತದೆ, ಮಾತು ಬರುವುದೇ ಇಲ್ಲ. ಇಲ್ಲಿ ಮಾತು ಮೊದಲು. ಚಹಾ ಯಾವಾಗ ಬರುತ್ತದೋ ಆ ಮಾ ಕಾಳಿಗೇ ಗೊತ್ತು."

"ಮಾತಿಗೂ ಕಾಸು ಕೊಡಿ, ಚಹಾ ಓಡಿ ಬರುತ್ತದೆ," ಎಂದನಂತೆ ಅಂಗಡಿಯವನು.

ಕಾಕಾ ನಕ್ಕರು. ಅಂದಿನಿಂದ ಅವರ ಆಡಳಿತ ನಡೆದದ್ದು ಆ ಬೆಂಚಿನ ಮೇಲೆ. ಅವರ ಹಿಂದಿ ಗದಗಿನದು, ಕೆಲಸಗಾರರ ಹಿಂದಿ ಬಂಗಾಳದ್ದು. ಎರಡೂ ಅಷ್ಟಕ್ಕಷ್ಟೇ ಇದ್ದದ್ದರಿಂದ ಒಬ್ಬರನ್ನೊಬ್ಬರು ಆಡಿಕೊಳ್ಳಲು ಯಾರಿಗೂ ಹಕ್ಕಿರಲಿಲ್ಲ. ಯಾವ ಯಂತ್ರ ಯಾರ ಕೈಗೆ ಒಗ್ಗುತ್ತದೆ, ಯಾರ ಹೆಂಡತಿಗೆ ಹುಷಾರಿಲ್ಲ, ಯಾರಿಬ್ಬರನ್ನು ಒಂದೇ ಪಾಳಿಗೆ ಹಾಕಬಾರದು ಎನ್ನುವುದೆಲ್ಲ ಅಲ್ಲೇ ಗೊತ್ತಾಯಿತು. ಪಂಪುಗಳು ಸಮಯಕ್ಕೆ ಸರಿಯಾಗಿ ಹೊರಗೆ ಹೋಗತೊಡಗಿದವು. ಪಾರ್ಕ್ ಸ್ಟ್ರೀಟಿನ ಪ್ರಧಾನ ಕಚೇರಿಯಲ್ಲಿ ಕಾಕಾನ ಹೆಸರು ಓಡಾಡಿತು. ಅಲ್ಲಿನ ಜನರಲ್ ಮ್ಯಾನೇಜರ್ ಲಕ್ಷ್ಮೀನಾರಾಯಣ ಅವರು ಮೈಸೂರಿನವರು. "ನಮ್ಮ ಕನ್ನಡದವರು ಮಾಡಿ ತೋರಿಸಿದಾರೆ," ಎಂದು ಎಲ್ಲರ ಮುಂದೆ ಹೇಳುತ್ತಿದ್ದರಂತೆ. ಅದನ್ನು ಕೇಳಿಬಂದ ದಿನ ಕಾಕಾ ನಮ್ಮೆಲ್ಲರಿಗೂ ರಸಗುಲ್ಲಾ ತಂದಿದ್ದರು.

ಇನ್ನು ವಿಶ್ವಕರ್ಮ ಪೂಜೆಯ ವಿಷಯ. ಬಂಗಾಳದ ಪ್ರತಿ ಕಾರ್ಖಾನೆಯಲ್ಲೂ ಸೆಪ್ಟೆಂಬರಿನಲ್ಲಿ ಅದು ನಡೆಯುತ್ತದೆ. ಆದರೆ ಕಾಕಾ ಅಲ್ಲಿಯವರೆಗೆ ಅದನ್ನು ನೋಡಿರಲಿಲ್ಲ. ಒಂದು ವರ್ಷ ಗಣೇಶನ ಹಬ್ಬಕ್ಕೆಂದು ಗದಗಿಗೆ ಹೋಗಿದ್ದರು, ಮರುವರ್ಷ ಇನ್ನೊಂದು ತರಬೇತಿಯಲ್ಲಿದ್ದರು. ತಿರುಗಿ ಬಂದಾಗ ಕೆಲಸಗಾರರು ಪ್ರಸಾದ ಕೊಟ್ಟು, ಖಿಚುಡಿ ಎಷ್ಟು ಚೆನ್ನಾಗಿತ್ತು, ಯಾರು ಯಾರ ಗಾಳಿಪಟ ಕತ್ತರಿಸಿದರು ಎಂದು ಹೇಳುತ್ತಿದ್ದರು. ಹೀಗಾಗಿ ಅದೊಂದು ಊಟದ, ಗಾಳಿಪಟದ ಹಬ್ಬ ಎಂದು ಕಾಕಾ ತಿಳಿದಿದ್ದರು. ಉಳಿದದ್ದನ್ನು ಯಾರೂ ಹೇಳಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ?

ಈ ಸಲದ ಪೂಜೆಗೆ ನಾವೆಲ್ಲ ಹೋಗಿದ್ದೆವು. ಕಾಕಾ, ಇಂದಿರಾ ಮೌಶಿ, ಅವರ ಮಗಳು ನಮ್ರತಾ, ಮತ್ತು ನಾನು. ಹಿಂದಿನ ದಿನವಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಮೋಡ ಹರಿದು ಆಕಾಶದ ತುಂಬ ಗಾಳಿಪಟಗಳೆದ್ದಿದ್ದವು. ಮಾಳಿಗೆಗಳ ಮೇಲಿಂದ "ಭೋ ಕಾಟ್ಟಾ!" ಎಂಬ ಕೂಗು ಕೇಳುತ್ತಿತ್ತು. ಒಂದು ಪಟ ಕತ್ತರಿಸಿ ಬಿದ್ದಾಗ ಹಾಗೆ ಕೂಗುತ್ತಾರೆ. ವರ್ಕ್‌ಶಾಪಿನ ಒಳಗೆ ಆನೆಯ ಮೇಲೆ ಕುಳಿತ ವಿಶ್ವಕರ್ಮನ ಮಣ್ಣಿನ ಮೂರ್ತಿ. ಅದರ ಮುಂದೆ ಬಟ್ಟೆ ಹಾಸಿ ಸುತ್ತಿಗೆ, ಉಳಿ, ಬೋಲ್ಟು ಬಿಗಿಯುವ ಪಾನಾಗಳನ್ನೆಲ್ಲ ಸಾಲಾಗಿ ಇಟ್ಟು, ಸಿಂಧೂರ ಹಚ್ಚಿ, ಚೆಂಡುಹೂ ಏರಿಸಿದ್ದರು. ಲೇತು ಯಂತ್ರಗಳ ಕೊರಳಿಗೂ ಹಾರ. ಕೆಲಸಗಾರರ ಹೆಂಡತಿ ಮಕ್ಕಳು ಹೊಸ ಬಟ್ಟೆ ಉಟ್ಟು ಬಂದಿದ್ದರು. ನಿಮಾಯ್‌ದಾ, ಅಂದರೆ ನಿಮಾಯ್ ಅಣ್ಣ, ಪೂಜೆಯ ಯಜಮಾನರು. ಅವರ ಮನೆತನ ಕಮ್ಮಾರರದು. ರೇಷ್ಮೆ ಅಂಚಿನ ಧೋತಿ ಉಟ್ಟು, ಪೂಜೆ ಮುಗಿಸಿ, ಸೌಟು ಹಿಡಿದು ತಾವೇ ಎಲ್ಲರಿಗೂ ಖಿಚುಡಿ ಬಡಿಸುತ್ತಿದ್ದರು. ಅವರ ಹೆಂಡತಿ ನಮ್ಮ ಮೌಶಿಯ ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದರು.

ಆಗ ಕಾಕಾನಿಗೆ ಫೋನು ಬಂತು. ಅವರು ಕಂಬದ ಹತ್ತಿರ ಸರಿದು ನಿಂತರು. ಗದ್ದಲಕ್ಕೆ ಸ್ಪೀಕರ್ ಹಚ್ಚಿದ್ದರಿಂದ ನನಗೂ ಕೇಳಿಸಿತು.

"ಕಲ್ಲಪ್ಪನವರೇ, ಹಬ್ಬದ ದಿನ ತೊಂದರೆ ಕೊಡ್ತಾ ಇದೀನಿ. ಆ ಆಸ್ಪತ್ರೆ ಪಂಪು ಎಲ್ಲಿಗೆ ಬಂತು?" ಲಕ್ಷ್ಮೀನಾರಾಯಣ ಅವರ ದನಿ.

"ಮುಗದಂಗನ ಸರ್. ಕವರ್ ಕೂಡಿಸಿ ಅಲೈನ್‌ಮೆಂಟ್ ನೋಡೋದಷ್ಟ ಉಳದೈತಿ. ನಾಳೆ ಮಧ್ಯಾಹ್ನ ಕಳಸ್ತೀನ್ರಿ."

"ನಾಳೆ ಅಂದ್ರೆ ಆಗಲ್ಲ ಕಣ್ರೀ. ನೆಲಮಹಡಿಗೆ ನೀರು ನುಗ್ಗಿದೆ. ಬಾಣಂತಿಯರನ್ನ ಹೊತ್ಕೊಂಡು ಮೇಲಕ್ಕೆ ಸಾಗಿಸ್ತಾ ಇದಾರೆ."

"ಇವತ್ತ ಪೂಜಾ ಐತಲ್ರೀ ಸರ್. ಎಲ್ಲಾರೂ ಉಣ್ಣಾಕತ್ತಾರ."

"ಪೂಜೆ ಮುಗೀತಲ್ಲ? ಊಟ ಆದ್ಮೇಲೆ ಒಂದೆರಡು ಗಂಟೆ ಕೂತ್ಕೊಂಡ್ರೆ ಆಯ್ತು. ಕಲ್ಲಪ್ಪ ಅಂದ್ರೆ ಅವರ ಹುಡುಗರು ಪ್ರಾಣ ಕೊಡ್ತಾರೆ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದೀನಿ ನಾನು. ನನ್ನ ಮಾನ ಉಳಿಸಿ."

ಕಾಕಾ ಫೋನು ಜೇಬಿಗಿಟ್ಟು ನೆಟ್ಟಗೆ ನಿಮಾಯ್‌ದಾನ ಹತ್ತಿರ ಹೋದರು.

"ನಿಮಾಯ್‌ದಾ, ಆ ಪಂಪು ಇವತ್ತೇ ಹೋಗಬೇಕು. ಬನ್ನಿ, ಮುಗಿಸಿಬಿಡೋಣ."

ನಿಮಾಯ್‌ದಾ ಸೌಟನ್ನು ಕೆಳಗಿಟ್ಟರು. "ಇವತ್ತಾ ಸ್ಯಾರ್?"

"ಇವತ್ತೇ. ಈಗಲೇ. ಆಸ್ಪತ್ರೆಯಲ್ಲಿ ನೀರು ತುಂಬಿದೆ."

"ಸ್ವಲ್ಪ ನಿಲ್ಲಿ ಸ್ಯಾರ್. ನಾನು ಪುರೋಹಿತರ ಹತ್ತಿರ ಒಂದು ಮಾತು..."

"ನಿಲ್ಲೋಕೆ ಟೈಮಿಲ್ಲ ನಿಮಾಯ್‌ದಾ."

ಕಾಕಾ ಚಪ್ಪಲಿ ಬಿಟ್ಟು ಮೂರ್ತಿಯ ಮುಂದೆ ಹೋದರು. ಹಾಸಿದ ಬಟ್ಟೆಯ ಮೇಲಿಂದ ದೊಡ್ಡ ಪಾನಾವನ್ನು ಎತ್ತಿಕೊಂಡರು. ಅದರ ಮೇಲಿದ್ದ ಹೂ ಜಾರಿ ಬಿತ್ತು. ಹಿಡಿತ ಜಾರಬಾರದೆಂದು ಕರವಸ್ತ್ರದಿಂದ ಸಿಂಧೂರ ಒರೆಸಿದರು. ಒರೆಸಿ, ತಂದು ನಿಮಾಯ್‌ದಾನ ಕೈಗೆ ಕೊಟ್ಟರು.

ಡೋಲು ಬಾರಿಸುವವನು ಕೈ ನಿಲ್ಲಿಸಿದ. ಊಟದ ಪಂಕ್ತಿಯಲ್ಲಿದ್ದವರು ತಿರುಗಿ ನೋಡಿದರು. ನಿಮಾಯ್‌ದಾ ಒಮ್ಮೆ ಪಾನಾವನ್ನು ನೋಡಿದರು, ಒಮ್ಮೆ ಕಾಕಾನನ್ನು ನೋಡಿದರು. ಆಮೇಲೆ ಅದನ್ನು ಹಣೆಗೆ ಮುಟ್ಟಿಸಿ, ರೇಷ್ಮೆ ಧೋತಿಯಲ್ಲೇ ಪಂಪಿನ ಕಡೆ ನಡೆದರು. ಉಳಿದ ಯಾರೂ ಏಳಲಿಲ್ಲ. ಕಾಕಾ ಅಂಗಿಯ ತೋಳು ಮಡಚಿ ತಾವೇ ಇನ್ನೊಂದು ಬದಿ ಹಿಡಿದರು. ಹೊತ್ತು ಇಳಿಯುವ ಮೊದಲೇ ಪಂಪು ಲಾರಿ ಏರಿ ಹೋಯಿತು. ಕೊನೆಯ ಬೋಲ್ಟು ಬಿಗಿಯುವಾಗ ಕಾಕಾ ಒಂದು ಫೋಟೊ ತೆಗೆದರು. ಮುಂದೆ ನಿಮಾಯ್‌ದಾ, ಹಿಂದೆ ದೇವರು. ಅದನ್ನು ಪ್ರಧಾನ ಕಚೇರಿಗೆ ಕಳಿಸಿ ಕೆಳಗೆ ಹೀಗೆ ಬರೆದರು: ಪೂಜೆಯ ದಿನವೂ ಸ್ವಂತ ಇಚ್ಛೆಯಿಂದ ಕೆಲಸ ಮಾಡಿದ ನಮ್ಮ ಹಿರಿಯ ಫಿಟ್ಟರ್. ಹೆಸರು ನಿಮಾಯ್‌ದಾನಿಗೆ ಬರಲಿ ಎಂಬುದಷ್ಟೇ ಅವರ ಮನಸ್ಸಿನಲ್ಲಿತ್ತು. ಇದನ್ನು ನಾನು ನಂಬುತ್ತೇನೆ.

ಸಂಜೆ ಕ್ವಾರ್ಟರ್ಸಿಗೆ ಬಂದಾಗ ಕಾಕಾ ಖುಷಿಯಲ್ಲಿದ್ದರು. ಆಸ್ಪತ್ರೆಯಲ್ಲಿ ನೀರು ಇಳಿಯುತ್ತಿದೆ ಎಂಬ ಸುದ್ದಿ ಬಂದಿತ್ತು. ಮೌಶಿ ಚಹಾ ತಂದಿಟ್ಟಳು, ಕೂರಲಿಲ್ಲ.

"ನಿಮಾಯ್‌ದಾನ ಹೇಂತಿ ಉಣ್ಣೂದ ಬಿಟ್ಟು ಎದ್ದು ಹ್ವಾದಳ್ರೀ," ಎಂದಳು.

"ಯಾಕಂತ?"

"ಯಾಕಂತ ನನ್ನ ಕೇಳ್ತೀರಿ? ಅವರು ದೇವರ ಮುಂದ ಇಟ್ಟದ್ದು ನೀವು ಎತ್ತಿದ್ರಿ. ಮ್ಯಾಲ ಕುಂಕುಮ ಒರಸಿದ್ರಿ."

"ಜಾರತಿತ್ತು. ಬೆರಳ ಹೋಗಿದ್ರ?"

"ಇವತ್ತ ಅವರು ಹತ್ಯಾರ ಮುಟ್ಟೂದಿಲ್ಲಂತ. ಆಕಿನ ಹೇಳಿದ್ಲು. ಇವತ್ತ ಅವರಿಗೆ ಖಂಡೇನವಮಿ."

"ಖಂಡೇನವಮಿ ಇನ್ನ ಎರಡ ವಾರ ಐತಿ," ಎಂದರು ಕಾಕಾ.

"ಅದು ನಮಗ. ಇವರಿಗೆ ಇವತ್ತ." ಮೌಶಿ ಅಲ್ಲೇ ನಿಂತು ಕೇಳಿದಳು: "ನಿಮ್ಮಪ್ಪಗ ಯಾರರ ಖಂಡೇನವಮಿ ದಿನ ಗಿರಣಿ ಹಚ್ಚು ಅಂದಿದ್ರ ಏನ ಮಾಡತಿದ್ರು?"

ಖಂಡೇನವಮಿ ಎಂದರೆ ನಮ್ಮ ಕಡೆಯ ಆಯುಧಪೂಜೆ. ಕಾಕಾನ ತಂದೆ ಆ ದಿನ ಗಿರಣಿಯ ಬೆಲ್ಟು ಬಿಚ್ಚಿ ಮಡಚಿ ಪೂಜೆಗೆ ಇಡುತ್ತಿದ್ದರಂತೆ. ಹಬ್ಬದ ಹಿಟ್ಟನ್ನು ಮೊದಲೇ ಬೀಸಿಕೊಂಡು ಹೋಗಿ ಎಂದು ಊರಿಗೆಲ್ಲ ಹೇಳಿ ಬರುತ್ತಿದ್ದರಂತೆ. ಒಮ್ಮೆ ಊರ ಗೌಡರೇ ಚೀಲ ಕಳಿಸಿದಾಗ, ಚೀಲಕ್ಕೆ ಅರಿಸಿನ ಕುಂಕುಮ ಹಚ್ಚಿ ತಿರುಗಿ ಕಳಿಸಿದ್ದರಂತೆ. ಈ ಕತೆಯನ್ನು ನಮಗೆ ಎಷ್ಟೋ ಸಲ ಹೇಳಿದವರು ಕಾಕಾನೇ. ಚಹಾ ಆರಿಹೋಯಿತು.

ಮರುದಿನ ಯಾರೂ ಮುಷ್ಕರ ಮಾಡಲಿಲ್ಲ. ಎಲ್ಲರೂ ಬಂದರು, ಹಾಜರಿ ಯಂತ್ರಕ್ಕೆ ಬೆರಳು ಒತ್ತಿದರು, ಹೇಳಿದ ಕೆಲಸವನ್ನಷ್ಟೇ ಮಾಡಿದರು, ಹೊತ್ತಿಗೆ ಸರಿಯಾಗಿ ಕೈ ತೊಳೆದುಕೊಂಡು ಹೋದರು. ಕಾಕಾ ಚಹಾದಂಗಡಿಗೆ ಹೋದಾಗ ಬೆಂಚಿನ ಮೇಲಿದ್ದವರು ಎದ್ದು ನಿಂತರು. ಮರ್ಯಾದೆಯಿಂದಲೇ ಎದ್ದರು. ಬೆಂಚು ಪೂರ್ತಿ ಖಾಲಿಯಾಯಿತು. ಕಾಕಾ ಒಬ್ಬರೇ ಕುಳಿತು ಚಹಾ ಕುಡಿದು ಬಂದರು. ಮೆಮೊ ಕೊಟ್ಟು ಸೋತ ಸಾಹೇಬರಿಗೆ ಬೈಗುಳವಾದರೂ ಸಿಕ್ಕಿತ್ತು, ತನಗೆ ಅದೂ ಸಿಗಲಿಲ್ಲ ಎಂದು ಮೌಶಿಯ ಮುಂದೆ ಹೇಳಿಕೊಂಡರು.

ಅಷ್ಟರಲ್ಲಿ ಆ ಫೋಟೊ ಪ್ರಧಾನ ಕಚೇರಿಯಿಂದ ಹೊರಟು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಬಂತು. ಈಗ ಅದರ ಸುತ್ತ ಬಣ್ಣದ ಚೌಕಟ್ಟಿತ್ತು. ಹಬ್ಬಕ್ಕಿಂತ ಕರ್ತವ್ಯ ದೊಡ್ಡದು ಎಂದ ನೌಕರ ಎಂಬ ತಲೆಬರಹವಿತ್ತು. ನಿಮಾಯ್‌ದಾನಿಗೆ ಪಾರ್ಕ್ ಸ್ಟ್ರೀಟಿನ ಹೋಟೆಲಿನಲ್ಲಿ ಶಾಲು ಹೊದಿಸಿ ಸನ್ಮಾನ ಮಾಡುವುದಾಗಿಯೂ ಬರೆದಿದ್ದರು.

ಆ ಫೋಟೊ ನಿಮಾಯ್‌ದಾನ ಓಣಿಗೂ ಹೋಯಿತು. ಅಲ್ಲಿ ಒಂದು ಹಳೆಯ ದುರ್ಗಾಪೂಜೆ ನಡೆಯುತ್ತದೆ. ಮೊದಲು ಅಲ್ಲಿ ಕುರಿ ಕಡಿಯುತ್ತಿದ್ದರು, ಈಗ ಬೂದುಗುಂಬಳ ಕಡಿಯುತ್ತಾರೆ. ನವಮಿಯ ಬೆಳಿಗ್ಗೆ ದೇವಿಯ ಮುಂದೆ ಒಂದೇ ಏಟಿಗೆ ಕಡಿಯಬೇಕು. ಅದು ಕಮ್ಮಾರರ ಮನೆತನದ ಹಕ್ಕು. ನಿಮಾಯ್‌ದಾನ ಅಜ್ಜ, ತಂದೆ, ಆಮೇಲೆ ಅವರು. ಓಣಿಯಲ್ಲಿ ಅವರಿಗೆ ಬೇರೆ ಯಾವ ಹಿರಿತನವೂ ಇರಲಿಲ್ಲ. ಆ ಒಂದು ಬೆಳಗಿಗಾಗಿ ಅವರು ವಾರವಿಡೀ ಮೀನು ಮಾಂಸ ಬಿಟ್ಟು ಒಪ್ಪೊತ್ತು ಉಣ್ಣುತ್ತಿದ್ದರಂತೆ. ಪೂಜಾ ಕಮಿಟಿಯವರು ಫೋಟೊ ನೋಡಿ ಹೇಳಿ ಕಳಿಸಿದರು: ಶಾಲಿಗೋಸ್ಕರ ವಿಶ್ವಕರ್ಮನ ಮುಂದಿನ ಹತ್ಯಾರವನ್ನು ಸ್ವಂತ ಇಚ್ಛೆಯಿಂದ ಎತ್ತಿದ ಕೈ ದೇವಿಯ ಖಡ್ಗ ಹಿಡಿಯುವುದು ಬೇಡ, ಈ ಸಲ ಬೇರೆ ಊರಿನಿಂದ ಯಾರನ್ನಾದರೂ ಕರೆಸುತ್ತೇವೆ.

ಇದು ಕಾಕಾನಿಗೆ ತಿಳಿದದ್ದು ಆಶಿಮ್ ಬಾಬುವಿನಿಂದ. ಆಶಿಮ್ ಬಾಬು ವರ್ಕ್‌ಶಾಪಿನ ಯೂನಿಯನ್ ಕಾರ್ಯದರ್ಶಿ, ಅದೇ ಓಣಿಯವರು. "ನಿಮಗೆ ತಿಳಿಸುವುದು ನನ್ನ ಕೆಲಸ, ತಿಳಿಸಿದೆ," ಎಂದಷ್ಟೇ ಹೇಳಿ ಹೋದರಂತೆ.

ಕಾಕಾ ಅಂದೇ ಸಾಯಂಕಾಲ ನಿಮಾಯ್‌ದಾನ ಮನೆಗೆ ಹೋದರು. ಮೌಶಿಯೂ ಹೋದಳು. ಒಬ್ಬರೇ ಹೋದರೆ ಸಾಹೇಬರು ಬಂದ ಹಾಗಾಗುತ್ತದೆ ಎಂದು ಅವಳ ವಾದ. ಅಲ್ಲಿ ಆದ ಮಾತು ಅವಳು ಹೇಳಿದಂತೆ ಬರೆಯುತ್ತೇನೆ.

ಮನೆ ಎಂದರೆ ಒಂದು ಕೋಣೆ, ಒಂದು ಹಜಾರ. ನಿಮಾಯ್‌ದಾ ಮಂಚದ ಮೇಲಿಂದ ಎದ್ದು ಕಾಕಾನಿಗೆ ಅದೇ ಮಂಚ ತೋರಿಸಿ ತಾವು ಸ್ಟೂಲಿನ ಮೇಲೆ ಕುಳಿತರು. ಅವರ ಹೆಂಡತಿ ನೀರು ತಂದಿಟ್ಟರು.

"ನನಗೆ ಗೊತ್ತಿರಲಿಲ್ಲ ನಿಮಾಯ್‌ದಾ," ಎಂದರು ಕಾಕಾ. "ನಮ್ಮ ಕಡೆ ಹತ್ಯಾರದ ಪೂಜೆ ನವಮಿಗೆ. ಇಲ್ಲಿಯದು ಬರೀ ಊಟದ ಹಬ್ಬ ಅಂದುಕೊಂಡೆ."

"ಗೊತ್ತಿಲ್ಲದ್ದು ತಪ್ಪಲ್ಲ ಸ್ಯಾರ್. ನಿಮ್ಮ ನಾಡಿನ ಹಬ್ಬ ನನಗೆಲ್ಲಿ ಗೊತ್ತು?"

"ಆದರೆ ಪಂಪು ಹೋಗಲೇಬೇಕಿತ್ತು."

"ಹೋಗಬೇಕಿತ್ತು. ಬೇಡ ಎಂದೆನೇ? ಸ್ವಲ್ಪ ನಿಲ್ಲಿ ಎಂದೆ." ನಿಮಾಯ್‌ದಾ ತಮ್ಮ ಅಂಗೈಗಳನ್ನು ನೋಡಿಕೊಂಡರು. "ನೆರೆ ಬಂದ ವರ್ಷ ನನ್ನ ತಂದೆಯೂ ಆ ದಿನ ಹತ್ಯಾರ ಎತ್ತಿದ್ದರು. ಜೀವದ ಪ್ರಶ್ನೆ ಬಂದರೆ ಅದಕ್ಕೊಂದು ಕ್ರಮವಿದೆ. ಪುರೋಹಿತರು ಹೂವಿಟ್ಟು ದೇವರನ್ನು ಕೇಳುತ್ತಾರೆ. ಹೂ ಬಿದ್ದ ಮೇಲೆ ನಮ್ಮಲ್ಲಿ ಹಿರಿಯನಾದವನು ಮೊದಲು ಎತ್ತುತ್ತಾನೆ. ಆಮೇಲೆ ಇಡೀ ವರ್ಕ್‌ಶಾಪು ಕೈ ಹಚ್ಚುತ್ತದೆ. ಒಂದು ಬೀಡಿ ಸೇದುವಷ್ಟು ಹೊತ್ತು ಸಾಕು. ನಾನು ಅದನ್ನೇ ಹೇಳಹೊರಟಿದ್ದೆ. ನೀವು ಎತ್ತಿ ಕೊಟ್ಟುಬಿಟ್ಟಿರಿ."

ಕಾಕಾ ಎರಡೂ ಕೈ ಜೋಡಿಸಿದರು. "ತಪ್ಪಾಯಿತು. ಮಾಫ್ ಮಾಡಿ."

"ನನ್ನ ಮನೆಯೊಳಗೆ ಬಂದು ಕೈ ಮುಗಿದರೆ ಏನು ಬಂತು ಸ್ಯಾರ್? ಕೊಟ್ಟದ್ದು ಎಲ್ಲರ ಮುಂದೆ. ನಾನೇ ಇಷ್ಟಪಟ್ಟು ಮಾಡಿದೆ ಎಂದು ಬರೆದದ್ದೂ ನೀವೇ. ಈ ಓಣಿಯಲ್ಲಿ ನಾನು ಮನೆ ಮನೆಗೆ ಹೋಗಿ ನನ್ನ ಇಷ್ಟ ಅಲ್ಲ, ನನ್ನ ಇಷ್ಟ ಅಲ್ಲ ಎಂದು ಹೇಳಿಕೊಂಡು ಬರಲೇ?"

ಅವರ ಹೆಂಡತಿ ಬಾಗಿಲ ಹತ್ತಿರದಿಂದ ಬಂಗಾಳಿಯಲ್ಲಿ ಏನೋ ಹೇಳಿದರು. ನಿಮಾಯ್‌ದಾ ಅವರನ್ನು ಗದರಿದರು. ಆಕೆ ಏನೆಂದರು ಎಂದು ಮೌಶಿಗೆ ತಿಳಿಯಲಿಲ್ಲ. ಒಳ್ಳೆಯ ಮಾತಂತೂ ಆಗಿರಲಿಲ್ಲ ಎಂದಳು.

ಮರುದಿನ ಕಾಕಾ ಪಾರ್ಕ್ ಸ್ಟ್ರೀಟಿಗೆ ಹೋಗಿ ಆ ಫೋಟೊದ ಕೆಳಗಿನ ಮಾತನ್ನು ಹಿಂತೆಗೆದುಕೊಳ್ಳಿ ಎಂದು ಲಕ್ಷ್ಮೀನಾರಾಯಣ ಅವರನ್ನು ಕೇಳಿದರು. ಅವರು ಕುರ್ಚಿ ಎಳೆದು ಪಕ್ಕದಲ್ಲೇ ಕೂರಿಸಿಕೊಂಡು, ಬಾಗಿಲು ಹಾಕಿಸಿದರಂತೆ.

"ನೋಡಿ ಕಲ್ಲಪ್ಪನವರೇ, ಇದು ದೆಹಲಿಗೆ ಹೋಗಿ ಆಗಿದೆ. ಸ್ವಂತ ಇಚ್ಛೆಯಿಂದ ಅಲ್ಲ ಅಂದ್ರೆ ಏನರ್ಥ? ರಜಾ ದಿನ ನೀವು ಬಲವಂತವಾಗಿ ದುಡಿಸಿಕೊಂಡಿರಿ ಅಂತ. ಯೂನಿಯನ್ನಿನವರು ಬಿಡ್ತಾರಾ? ನಾನು ಆರ್ಡರ್ ಮಾಡಿದೆ ಅಂತ ನೀವು ಹೇಳಬಹುದು. ನಾನು ಕೇಳಿಕೊಂಡೆ ಅಂತ ನಾನು ಹೇಳ್ತೀನಿ. ಕೇಳಿಕೊಂಡದ್ದು ನಿಜ ತಾನೆ?"

"ನಿಜ ಸರ್."

"ಸುಮ್ನಿರಿ. ಶಾಲು ಹೊದಿಸಿದ್ರೆ ಯಾರಿಗೆ ಬೇಜಾರು? ನಾಲ್ಕು ದಿನ ಆದ್ಮೇಲೆ ಎಲ್ಲಾ ಮರೀತಾರೆ."

ಕಾಕಾ ಮನೆಗೆ ಬಂದು ಊಟ ಬೇಡ ಎಂದರು. ಅವರಿಗೆ ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದವು. ಬಡ್ತಿಯ ಮಾತೂ ನಡೆದಿತ್ತು. ಬಡ್ತಿ ಸಿಕ್ಕರೆ ಹುಬ್ಬಳ್ಳಿಯ ಕಡೆ ವರ್ಗ ಕೇಳಬಹುದು ಎಂದು ಮೌಶಿ ಆಸೆ ಇಟ್ಟುಕೊಂಡಿದ್ದಳು. ಆ ದಿನ ಅವಳು ಅದರ ಸುದ್ದಿ ಎತ್ತಲಿಲ್ಲ. ಮುಂದೆಯೂ ಎತ್ತಲಿಲ್ಲ.

ಎರಡು ದಿನ ಕಳೆದ ಮೇಲೆ ಕಾಕಾ ನಮ್ರತಾಳನ್ನು ಕರೆದರು. "ಬಂಗಾಳಿಯೊಳಗ ಒಂದು ಮಾತು ಹೇಳಿಕೊಡವಾ. ನಾನ ಹುಕುಂ ಮಾಡಿದ್ದೆ, ಅವರು ತಮ್ಮ ಇಷ್ಟದಿಂದ ಮಾಡಲಿಲ್ಲ. ಇಷ್ಟ."

"ಹಿಂದಿ ಒಳಗ ಹೇಳ್ರಿ ಪಪ್ಪಾ. ಅವರಿಗೆ ಅಂಡರ್‌ಸ್ಟ್ಯಾಂಡ್ ಆಗ್ತದ."

"ಗಂಡಸರಿಗೆ ಆಗ್ತೈತಿ. ಮುದುಕ್ಯಾರೂ ಇರ್ತಾರ ಅಲ್ಲಿ."

ನಮ್ರತಾ ಹೇಳಿಕೊಟ್ಟಳು: "ಆಮಿ ಹುಕುಮ್ ದಿಯೇಛಿಲಾಮ್. ಉನಿ ನಿಜೇರ್ ಇಚ್ಛೇಯ್ ಕೊರೇನ್‌ನಿ." ಕಾಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಹೇಳಿದರು. "ಟೂ ಫಾಸ್ಟ್ ಪಪ್ಪಾ. ನೀವು ರೈಲ್ವೆ ಅನೌನ್ಸ್‌ಮೆಂಟ್ ಮಾಡಿದಂಗ ಮಾಡಾಕತ್ತೀರಿ," ಎಂದು ಅವಳು ನಕ್ಕಳು. ಅಪ್ಪ ನಗಲಿಲ್ಲ. ಆಮೇಲೆ ಒಂದೊಂದೇ ಪದ ಬಿಡಿಸಿ ಹೇಳಿಕೊಟ್ಟಳು.

ಕಮಿಟಿ ಸೇರುವ ಸಂಜೆ ನಾವೆಲ್ಲ ಹೋದೆವು. ದೇವಿಯ ಮಂಟಪದ ಪಕ್ಕದ ಕ್ಲಬ್ಬಿನ ಕೋಣೆ. ಹೊರಗೆ ಬಿದಿರು ಕಟ್ಟುವವರು, ಒಳಗೆ ಕೇರಂ ಆಡುವವರು. ಅಧ್ಯಕ್ಷರು ನಿವೃತ್ತ ಮೇಷ್ಟರು, ಎಲ್ಲರೂ ಅವರನ್ನು ಮಾಸ್ಟರ್‌ಮಶಾಯ್ ಎನ್ನುತ್ತಿದ್ದರು. ನಿಮಾಯ್‌ದಾ ಬಂದಿರಲಿಲ್ಲ. ಅವರ ಹೆಂಡತಿ ಹಿಂದೆ ಹೆಂಗಸರ ಜೊತೆ ನಿಂತಿದ್ದರು. ಆಶಿಮ್ ಬಾಬು ಗೋಡೆಗೆ ಒರಗಿದ್ದರು.

ಕಾಕಾ ಎದ್ದು ನಿಂತು ಕಲಿತದ್ದನ್ನು ಹೇಳಿದರು. ದನಿ ಸಣ್ಣದಾಗಿ ಬಂತು.

"ಜೋರಾಗಿ ಹೇಳಿ ಮಶಾಯ್, ಫ್ಯಾನಿನ ಸದ್ದು," ಎಂದ ಒಬ್ಬ.

ಕಾಕಾ ಮತ್ತೊಮ್ಮೆ ಹೇಳಿದರು. ಯಾರೋ ಹುಡುಗರು ಅವರ ಉಚ್ಚಾರಕ್ಕೆ ಕಿಸಕ್ಕೆಂದರು. ಮಾಸ್ಟರ್‌ಮಶಾಯ್ ಕಣ್ಣು ಬಿಟ್ಟದ್ದೇ ತಡ, ನಿಂತಿತು. ಉಳಿದದ್ದನ್ನು ಕಾಕಾ ಹಿಂದಿಯಲ್ಲಿ ಹೇಳಿದರು. ಪಾನಾ ಎತ್ತಿದ್ದು ತಾನು, ಸಿಂಧೂರ ಒರೆಸಿದ್ದು ತಾನು, ನಿಮಾಯ್‌ದಾ ನಿಲ್ಲಿ ಎಂದಾಗ ನಿಲ್ಲದವನು ತಾನು, ಫೋಟೊದ ಕೆಳಗಿನ ಸುಳ್ಳು ಬರೆದವನೂ ತಾನು. ಪಂಪು ಹೋದದ್ದಕ್ಕೆ ತನಗೆ ಪಶ್ಚಾತ್ತಾಪವಿಲ್ಲ ಎಂಬುದನ್ನೂ ಹೇಳಿದರು. ಅದನ್ನು ಬಿಟ್ಟಿದ್ದರೆ ನಡೆಯುತ್ತಿತ್ತು ಎಂದು ನಮ್ರತಾ ಆಮೇಲೆ ಅಂದಳು. ಬಿಟ್ಟಿದ್ದರೆ ಅದೂ ಅರ್ಧ ಸುಳ್ಳಾಗುತ್ತಿತ್ತೇನೋ. ನನಗೆ ಸರಿಯಾಗಿ ಗೊತ್ತಿಲ್ಲ.

"ಹಾಗಾದರೆ ನಿಮಾಯ್ ಯಾಕೆ ಇಲ್ಲ ಎನ್ನಲಿಲ್ಲ?" ಎಂದು ಕೇಳಿದರು ಮಾಸ್ಟರ್‌ಮಶಾಯ್.

"ನಾನು ಅವರ ಸಾಹೇಬ," ಎಂದರು ಕಾಕಾ.

ಆಗ ಹಿಂದಿನಿಂದ ನಿಮಾಯ್‌ದಾನ ಹೆಂಡತಿ ಮುಂದೆ ಬಂದರು. "ಅದಕ್ಕಲ್ಲ," ಎಂದರು ಹಿಂದಿಯಲ್ಲೇ, ಎಲ್ಲರಿಗೂ ಕೇಳುವಂತೆ. "ಸಾಹೇಬರು ಎಷ್ಟೋ ಜನ ಬಂದುಹೋದರು. ಅವರ ಮಾತಿಗೆಲ್ಲ ಇಲ್ಲ ಎಂದವರು ನನ್ನ ಗಂಡ. ನಿಮಗೆ ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬೆಂಚಿನ ಮೇಲೆ ಜೊತೆಗೆ ಕೂತು ಚಹಾ ಕುಡಿದಿದ್ದಿರಲ್ಲ."

ಕಾಕಾ ತಲೆ ಎತ್ತಲಿಲ್ಲ. ಮೌಶಿ ಸೆರಗಿನ ತುದಿಯನ್ನು ಹಿಡಿದುಕೊಂಡಳು.

ಕಮಿಟಿಯವರು ತಮ್ಮತಮ್ಮಲ್ಲೇ ಬಹಳ ಹೊತ್ತು ವಾದ ಮಾಡಿದರು. ಕೊನೆಗೆ ಮಾಸ್ಟರ್‌ಮಶಾಯ್, ಖಡ್ಗ ಕರ್ಮಕಾರರ ಮನೆಯದು, ಅಲ್ಲಿಗೇ ಹೋಗಲಿ ಎಂದರು. ಹೊರಗೆ ಬಂದಾಗ ಆಶಿಮ್ ಬಾಬು ಕಾಕಾನ ಜೊತೆ ನಡೆದರು.

"ಸ್ಯಾರ್, ನೀವು ಹುಕುಂ ಮಾಡಿದೆ ಅಂದದ್ದನ್ನು ಓಣಿಯೇ ಕೇಳಿದೆ. ನಾನು ಇದನ್ನು ಮೇಲೆ ಬರೆಯಲೇಬೇಕು. ಬರೆಯದಿದ್ದರೆ ನನ್ನ ಜನ ನನ್ನನ್ನು ಬಿಡುವುದಿಲ್ಲ."

"ಬರೆಯಿರಿ ಆಶಿಮ್ ಬಾಬು."

ಬರೆದರು. ಸನ್ಮಾನ ನಿಂತಿತು. ರಜಾ ದಿನ ಬಲವಂತವಾಗಿ ಕೆಲಸ ಮಾಡಿಸಿದ್ದಕ್ಕೂ ತಪ್ಪು ಮಾಹಿತಿ ಕೊಟ್ಟದ್ದಕ್ಕೂ ಕಾಕಾನಿಂದ ವಿವರಣೆ ಕೇಳಿದರು. ದುರ್ಗಾಪೂಜೆಯ ರಜೆ ಮುಗಿದ ಮೇಲೆ ತಪಾಸಣೆ ವಿಭಾಗಕ್ಕೆ ಹೋಗಬೇಕೆಂಬ ಆದೇಶವೂ ಬಂತು. ಆ ವಿಭಾಗದಲ್ಲಿ ಅವರ ಕೈಕೆಳಗೆ ಒಬ್ಬರೂ ಇರುವುದಿಲ್ಲ. ಲಕ್ಷ್ಮೀನಾರಾಯಣ ಅವರು ಫೋನು ಮಾಡಿ, "ನಾನು ಎಷ್ಟು ಹೇಳಿದೆ ನಿಮಗೆ," ಎಂದು ಬೇಸರ ಮಾಡಿಕೊಂಡರಂತೆ. ನಿಜವಾಗಿಯೂ ಬೇಸರದ ದನಿಯೇ ಆಗಿತ್ತಂತೆ.

ವರ್ಕ್‌ಶಾಪಿನಲ್ಲಿ ಕೆಲವರು ಕಾಕಾನಿಗೆ ಮತ್ತೆ ನಮಸ್ಕಾರ ಮಾಡತೊಡಗಿದರು. ನಿಮಾಯ್‌ದಾ ಕೆಲಸಕ್ಕೆ ಬರುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ತಾವಾಗಿ ಏನೂ ಆಡುತ್ತಿರಲಿಲ್ಲ.

ನವಮಿಯ ಬೆಳಿಗ್ಗೆ ಮೌಶಿ ಮನೆಯಲ್ಲಿ ಕುಡಗೋಲು, ಕತ್ತರಿ, ಮಿಕ್ಸರು, ಕಾಕಾನ ಹಳೆಯ ಸ್ಕ್ರೂಡ್ರೈವರುಗಳನ್ನೆಲ್ಲ ಮಣೆಯ ಮೇಲಿಟ್ಟು ಪೂಜೆ ಮಾಡಿದಳು. ಕಾಕಾ ಕೈ ಮುಗಿದು, ಓಣಿಯ ಪೂಜೆಗೆ ಹೋಗಿಬರುತ್ತೇನೆ ಎಂದರು. ಅವರನ್ನು ಯಾರೂ ಕರೆದಿರಲಿಲ್ಲ. ನಾನು ಜೊತೆಗೆ ಹೋದೆ.

ಮಂಟಪದ ಮುಂದೆ ಜನ ತುಂಬಿತ್ತು. ಡೋಲು ಕಿವಿಗೆ ಬಡಿಯುತ್ತಿತ್ತು. ನಿಮಾಯ್‌ದಾ ಕೆಂಪು ಅಂಚಿನ ಧೋತಿ ಉಟ್ಟು, ಬರಿಮೈಯಲ್ಲಿ ನಿಂತಿದ್ದರು. ಬೂದುಗುಂಬಳಕ್ಕೆ ಸಿಂಧೂರ ಹಚ್ಚಿ ಮಣೆಯ ಮೇಲೆ ಇಟ್ಟರು. ಪುರೋಹಿತರು ಖಡ್ಗಕ್ಕೆ ಹೂವೇರಿಸಿ ಅದನ್ನು ಅವರ ಎರಡೂ ಕೈಗಳ ಮೇಲೆ ಇರಿಸಿದರು. ನಿಮಾಯ್‌ದಾ ಖಡ್ಗವನ್ನು ತಲೆಯ ಮೇಲಕ್ಕೆತ್ತಿದರು. ಡೋಲು ಒಮ್ಮೆಲೇ ನಿಂತಿತು.

ಖಡ್ಗ ಕೆಳಗೆ ಬರಲಿಲ್ಲ. ಅವರು ಖಡ್ಗವನ್ನು ಮೆಲ್ಲಗೆ ಇಳಿಸಿ, ಹಣೆಗೆ ಒತ್ತಿಕೊಂಡು, ಪಕ್ಕದಲ್ಲಿದ್ದ ತಮ್ಮನ ಮಗನನ್ನು ಹೆಸರು ಹಿಡಿದು ಕರೆದರು. ಮೂವತ್ತರ ಆಸುಪಾಸಿನ ಮನುಷ್ಯ ಆತ. ಅವನು ಬರಲಾರೆ ಎಂದು ಕೈ ಆಡಿಸಿದ. ನಿಮಾಯ್‌ದಾ ಮತ್ತೆ ಕರೆದರು. ಅವನು ಬಂದು ಮಂಡಿಯೂರಿದ. ಅವರು ಅವನ ಕಿವಿಯ ಹತ್ತಿರ ಬಾಗಿ ಏನೋ ಕೇಳಿದರು, ವ್ರತದಲ್ಲಿದ್ದೀಯಾ ಎಂದಿರಬೇಕು. ಅವನು ಹೂಂ ಎಂಬಂತೆ ತಲೆ ಆಡಿಸಿದ. ಆಮೇಲೆ ಖಡ್ಗವನ್ನು ಅವನಿಗೆ ಕೊಟ್ಟರು.

ಒಂದೇ ಏಟಿಗೆ ಕುಂಬಳ ಎರಡಾಯಿತು. ಜನ ಜಯಕಾರ ಹಾಕಿದರು, ಡೋಲುಗಳೆಲ್ಲ ಒಟ್ಟಿಗೆ ಎದ್ದವು. ನಿಮಾಯ್‌ದಾ ಹಿಂದೆ ಸರಿದು ಕಂಬಕ್ಕೆ ಒರಗಿದರು.

ಕಾಕಾ ಅವರ ಹತ್ತಿರ ಹೋಗಲು ಎರಡು ಹೆಜ್ಜೆ ಇಟ್ಟು ನಿಂತರು. ನಿಮಾಯ್‌ದಾನೇ ಅವರನ್ನು ನೋಡಿದರು.

"ಬಂದಿರಾ ಸ್ಯಾರ್."

"ನಿಮ್ಮ ಕೈಯಲ್ಲೇ ಆಗುತ್ತದೆ ಅಂದುಕೊಂಡಿದ್ದೆ."

"ನಾನೂ ಹಾಗೇ ಅಂದುಕೊಂಡಿದ್ದೆ. ಎತ್ತಿದೆ. ಎತ್ತಿದ ಮೇಲೆ ಕೈ ನನ್ನದು ಅನ್ನಿಸಲಿಲ್ಲ." ಅವರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು. "ಎರಡನೆಯ ಏಟು ಬೀಳುವುದಕ್ಕಿಂತ ಇದು ಒಳ್ಳೆಯದು. ನಾನೇ ಕೊಟ್ಟೆ, ಯಾರೂ ಕಿತ್ತುಕೊಳ್ಳಲಿಲ್ಲ. ಅಷ್ಟಕ್ಕೆ ನೀವು ಬಂದು ಹೇಳಿದ್ದು ಉಪಕಾರವಾಯಿತು."

ದೇವಿಯ ಪ್ರಸಾದದ ಊಟ, ಭೋಗ್, ಬಡಿಸುತ್ತಾರೆ, ಉಂಡುಕೊಂಡು ಹೋಗಿ ಎಂದು ಹೇಳಿ ಅವರು ಮನೆಯವರ ಕಡೆ ನಡೆದರು. ಕಾಕಾ ಪಂಕ್ತಿಯ ಕೊನೆಯಲ್ಲಿ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ಯಾರೋ ಎಲೆ ಹಾಕಿ, ಇನ್ಯಾರೋ ಬಿಸಿ ಖಿಚುಡಿ ಬಡಿಸಿ ಮುಂದೆ ಹೋದರು. ಕಾಕಾ ಖಿಚುಡಿ ಕಲಸುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ. ಎದುರಿನ ಮುದುಕಿ ಅದನ್ನು ನೋಡಿ, "ಖಾನ್ ಬಾಬಾ, ಖಾನ್," ಎಂದಳು. ಉಣ್ಣಪ್ಪ, ಉಣ್ಣು. ಆಗ ಅವರು ಒಂದು ತುತ್ತು ಬಾಯಿಗಿಟ್ಟುಕೊಂಡರು.